ಹಂಗಾರಕಟ್ಟೆಯಲ್ಲಿ ಹಡಗು ಕಟ್ಟುತ್ತಾರೆ ಅಂತ ಷೇರು ಕೊಳ್ಳಬಹುದೇ? ಕಂಪನಿಯೊಂದನ್ನು ಪರಿಶೀಲಿಸುವ ಬಗೆ

‘ನಮ್ಮೂರ ಶಿಪ್‌ಯಾರ್ಡಿಗೆ ನಾರ್ವೆಯಿಂದ 1,100 ಕೋಟಿ ರೂಪಾಯಿ ಆರ್ಡರ್! ಈ ಷೇರು ಈಗಲೇ ತಗೊಳ್ಳಿ, ಆಮೇಲೆ ಬೇಸರ ಮಾಡ್ಕೋಬೇಡಿ. ಹತ್ತು ಜನರಿಗೆ ಕಳಿಸಿ.’

ಈ ಧಾಟಿಯ ಸಂದೇಶಗಳು ನಿಮ್ಮ ವಾಟ್ಸ್‌ಆ್ಯಪ್ ಗುಂಪುಗಳಿಗೂ ಬಂದಿರಬಹುದು. ಕಂಪನಿ ಬೇರೆ ಇರಬಹುದು, ಮೊತ್ತ ಬೇರೆ ಇರಬಹುದು. ಪೂರ್ತಿ ಸುಳ್ಳಾದ ಸಂದೇಶವನ್ನು ಹಿಡಿಯುವುದು ಸುಲಭ. ಆದರೆ ಮೊದಲರ್ಧ ನಿಜವಿದ್ದು, ‘ಹಾಗಾಗಿ ಷೇರು ತಗೊಳ್ಳಿ’ ಎನ್ನುವ ಎರಡನೇ ಅರ್ಧ ಮಾತ್ರ ಗಾಳಿಮಾತಾಗಿದ್ದರೆ ಅದನ್ನು ಹಿಡಿಯುವುದು ಕಷ್ಟ. ಆ ಎರಡರ ನಡುವೆ ಏನೇನು ನೋಡಬೇಕು ಎಂಬುದನ್ನು ನಮ್ಮ ಕರಾವಳಿಯದೇ ಒಂದು ಉದಾಹರಣೆ ಇಟ್ಟುಕೊಂಡು ಇಲ್ಲಿ ನೋಡೋಣ.

ಮೊದಲೇ ಒಂದು ಮಾತು: ಇದು ಯಾವುದೇ ಷೇರನ್ನು ಕೊಳ್ಳಿ ಅಥವಾ ಮಾರಿ ಎನ್ನುವ ಸಲಹೆ ಅಲ್ಲ.

ಸುದ್ದಿಯಲ್ಲಿ ನಿಜ ಎಷ್ಟು?

ಬ್ರಹ್ಮಾವರ ತಾಲೂಕಿನ ಹಂಗಾರಕಟ್ಟೆ, ಸೀತಾ ಮತ್ತು ಸ್ವರ್ಣಾ ನದಿಗಳು ಸಮುದ್ರ ಸೇರುವ ಅಳಿವೆಯ ಪಕ್ಕದ ಹಳೆಯ ಬಂದರು. ಇಲ್ಲಿಂದ ಕೋಡಿಬೆಂಗ್ರೆಗೆ ಬಾರ್ಜ್‌ನಲ್ಲಿ ದಾಟಿದವರಿಗೆ ಜಾಗದ ಪರಿಚಯ ಇದ್ದೇ ಇರುತ್ತದೆ. ಇಲ್ಲಿ ಮತ್ತು ಮಲ್ಪೆಯಲ್ಲಿ ಹಡಗು ಕಟ್ಟುವ ಕೆಲಸ ನಡೆಯುತ್ತದೆ. ನಡೆಸುತ್ತಿರುವುದು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಲಿಮಿಟೆಡ್.

ಇದೇ ಕಂಪನಿಗೆ 2023ರ ಜೂನ್‌ನಲ್ಲಿ ನಾರ್ವೆಯ ವಿಲ್ಸನ್ ಸಂಸ್ಥೆಯಿಂದ 3,800 ಟನ್ ಸಾಮರ್ಥ್ಯದ 6 ಸರಕು ಹಡಗುಗಳ ಆರ್ಡರ್ ಸಿಕ್ಕಿತು. 2024ರ ಜೂನ್‌ನಲ್ಲಿ ಅದೇ ಸಂಸ್ಥೆ 6,300 ಟನ್ ಸಾಮರ್ಥ್ಯದ 4 ಹಡಗುಗಳಿಗೆ ಆರ್ಡರ್ ಕೊಟ್ಟು, ಅಂಥದ್ದೇ ಇನ್ನೂ 4 ಹಡಗುಗಳಿಗೆ ಮುಂದೆ ಒಪ್ಪಂದ ಮಾಡಿಕೊಳ್ಳುವ ಮಾತಾಯಿತು. ಎಂಟೂ ಸೇರಿದರೆ ಸುಮಾರು 1,100 ಕೋಟಿ ರೂಪಾಯಿ, ಮುಗಿಸಬೇಕಾದ್ದು 2028ರ ಸೆಪ್ಟೆಂಬರ್ ಒಳಗೆ.

ಅಂದರೆ ಸುದ್ದಿ ನಿಜ. ಆದರೆ ಅದು ಬಂದ ದಿನ ಖಾತ್ರಿಯಾಗಿದ್ದದ್ದು 4 ಹಡಗು ಮಾತ್ರ. 1,100 ಕೋಟಿ ಎನ್ನುವುದು ಎಂಟೂ ಸೇರಿದ ಲೆಕ್ಕ, ಅದೂ ನಾಲ್ಕು ವರ್ಷಕ್ಕೆ ಹಂಚಿದ್ದು. ಫಾರ್ವರ್ಡ್ ಸಂದೇಶಗಳಲ್ಲಿ ಮೊದಲು ಬಿದ್ದುಹೋಗುವುದು ಇಂಥ ವಿವರಗಳೇ.

ಈ ಹೆಸರಿನ ಷೇರು ಇದೆಯೇ?

ನಿಮ್ಮ ಡಿಮ್ಯಾಟ್ ಆ್ಯಪ್‌ನಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹುಡುಕಿದರೆ ಅದು ಸಿಗುವುದಿಲ್ಲ. ಅದು ಷೇರುಪೇಟೆಯಲ್ಲಿ ಇಲ್ಲ. ಅದರ ಪೂರ್ತಿ ಒಡೆತನ ಇರುವುದು ಕೊಚ್ಚಿಯ ಕೊಚ್ಚಿನ್ ಶಿಪ್‌ಯಾರ್ಡ್ ಲಿಮಿಟೆಡ್ ಬಳಿ. ಷೇರುಪೇಟೆಯಲ್ಲಿ ಸಿಗುವುದು ಈ ತಾಯಿ ಕಂಪನಿಯ ಷೇರು.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದು, ‘ಉಡುಪಿ ಯಾರ್ಡಿನ ಷೇರು ಪೇಟೆಗೆ ಬರುವ ಮೊದಲೇ ನಿಮಗೆ ಕೊಡಿಸುತ್ತೇವೆ’ ಎಂದು ಯಾರಾದರೂ ಹಣ ಕೇಳಿದರೆ ಅದು ಮೋಸ. ಇಡೀ ಕಂಪನಿ ಒಬ್ಬ ಒಡೆಯನ ಕೈಯಲ್ಲಿರುವಾಗ ಹೊರಗಿನವರು ಮಾರಲು ಷೇರು ಎಲ್ಲಿಂದ ತರುತ್ತಾರೆ?

ಎರಡು, ನೀವು ಕೊಳ್ಳುವುದು ಹಂಗಾರಕಟ್ಟೆಯ ಯಾರ್ಡನ್ನಲ್ಲ. ಕೊಚ್ಚಿಯ ದೊಡ್ಡ ಯಾರ್ಡ್, ನೌಕಾಪಡೆಯ ಕೆಲಸಗಳು, ಹಡಗು ರಿಪೇರಿ ವ್ಯವಹಾರ, ಕೋಲ್ಕತ್ತಾ ಬಳಿಯ ಹೂಗ್ಲಿ ಯಾರ್ಡ್ ಇವೆಲ್ಲ ಸೇರಿದ ಒಟ್ಟಿನಲ್ಲಿ ಒಂದು ಸಣ್ಣ ಪಾಲು ಕೊಳ್ಳುತ್ತೀರಿ. ಹಂಗಾರಕಟ್ಟೆ ಅದರೊಳಗಿನ ಒಂದು ಭಾಗ ಮಾತ್ರ.

ಯಾವ ಕಂಪನಿಯ ಬಗ್ಗೆ ಕೇಳಿದರೂ ಮೊದಲ ಪ್ರಶ್ನೆ ಇದೇ ಆಗಬೇಕು: ಸುದ್ದಿಯಲ್ಲಿರುವ ಕಂಪನಿಯೂ, ಷೇರು ಸಿಗುವ ಕಂಪನಿಯೂ ಒಂದೇನಾ? ಹೆಸರು ಹೋಲುವ ಬೇರೆ ಕಂಪನಿಯ ಷೇರನ್ನು ತಪ್ಪಾಗಿ ಕೊಳ್ಳುವವರು ಇದ್ದಾರೆ.

ಆರ್ಡರ್ ಎಂದರೆ ಲಾಭವೇ?

1,100 ಕೋಟಿ ಕೇಳಲು ದೊಡ್ಡ ಮೊತ್ತ. ಅದನ್ನು ಒಂದು ಷೇರಿನ ಮಟ್ಟಕ್ಕೆ ಇಳಿಸಿ ನೋಡೋಣ.

ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 275 ಕೋಟಿ. ಕೊಚ್ಚಿನ್ ಶಿಪ್‌ಯಾರ್ಡಿನ ಒಟ್ಟು ವಹಿವಾಟು 2023-24ರಲ್ಲಿ ಸುಮಾರು 3,830 ಕೋಟಿ ರೂಪಾಯಿ. ಅದರ ಪಕ್ಕದಲ್ಲಿಟ್ಟರೆ ಈ ಆರ್ಡರ್ ಶೇಕಡಾ 7ರಷ್ಟು. ಆ 275 ಕೋಟಿಯೂ ಲಾಭವಲ್ಲ. ಅದರಲ್ಲಿ ಉಕ್ಕು, ಎಂಜಿನ್, ಕೂಲಿ, ಬಡ್ಡಿ ಎಲ್ಲ ಕಳೆಯಬೇಕು. ಲೆಕ್ಕಕ್ಕಾಗಿ ಶೇಕಡಾ 10 ಉಳಿಯಿತು ಎಂದುಕೊಳ್ಳೋಣ. ವರ್ಷಕ್ಕೆ 27.5 ಕೋಟಿ. ಕಂಪನಿಯ ಷೇರುಗಳ ಸಂಖ್ಯೆ ಸುಮಾರು 26.3 ಕೋಟಿ. ಭಾಗಿಸಿದರೆ ಒಂದು ಷೇರಿಗೆ ವರ್ಷಕ್ಕೆ ಸುಮಾರು 1 ರೂಪಾಯಿ.

ಆ ತಿಂಗಳುಗಳಲ್ಲಿ ಆ ಷೇರಿನ ಬೆಲೆ ಸಾವಿರಗಳಲ್ಲಿತ್ತು.

ಹಾಗೆಂದು ಆರ್ಡರ್‌ಗೆ ಬೆಲೆ ಇಲ್ಲ ಎಂದಲ್ಲ. ಮಲ್ಪೆ, ಹಂಗಾರಕಟ್ಟೆಯಲ್ಲಿ ವೆಲ್ಡಿಂಗ್, ಫಿಟ್ಟಿಂಗ್ ಮಾಡುವವರಿಗೆ ನಾಲ್ಕು ವರ್ಷ ಕೆಲಸ ಸಿಗುವುದು ಬಹಳ ದೊಡ್ಡ ವಿಷಯ. ಊರಿಗೆ ದೊಡ್ಡದಾದದ್ದು ಷೇರಿಗೂ ದೊಡ್ಡದೇ ಆಗಬೇಕೆಂದಿಲ್ಲ, ಅಷ್ಟೇ.

ಹಡಗು ಕಟ್ಟುವ ವ್ಯವಹಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮನೆ ಕಟ್ಟಿಸುವಾಗ ಕಾಂಟ್ರ್ಯಾಕ್ಟರ್ ಮೊದಲೇ ರೇಟು ಒಪ್ಪಿಕೊಂಡು, ಕೆಲಸ ಮುಂದುವರಿದಂತೆ ಕಂತಿನಲ್ಲಿ ಹಣ ಪಡೆಯುತ್ತಾನಲ್ಲ, ಹಾಗೆಯೇ ಇದೂ. ನಡುವೆ ಉಕ್ಕಿನ ಬೆಲೆ ಏರಿದರೆ, ಕೆಲಸ ತಡವಾದರೆ, ಆರ್ಡರ್ ಕೊಟ್ಟವನೇ ಕೈಕೊಟ್ಟರೆ ಹೊಡೆತ ಬೀಳುವುದು ಕಟ್ಟುವವನಿಗೆ. ಕರಾವಳಿಯಲ್ಲಿ ಹಾಗೆ ಆಗಿಯೂ ಇದೆ.

ಯಾರ್ಡ್ ಉಳಿಯಿತು, ಷೇರುದಾರರ ಹಣ ಉಳಿಯಲಿಲ್ಲ

ಇಂದಿನ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್, 2022ರವರೆಗೆ ತೆಬ್ಮಾ ಶಿಪ್‌ಯಾರ್ಡ್ಸ್ ಎಂಬ ಹೆಸರಿನಲ್ಲಿತ್ತು. ಮಲ್ಪೆಯವರ ಬಾಯಲ್ಲಿ ಇಂದಿಗೂ ‘ತೆಬ್ಮಾ’ ಎಂಬ ಹೆಸರು ಕೇಳಬಹುದು. ಕೊಚ್ಚಿನ್ ಶಿಪ್‌ಯಾರ್ಡಿಗೆ ಮೊದಲು ಈ ತೆಬ್ಮಾದ ಹಿಡಿತ ಇದ್ದದ್ದು ಮುಂಬೈನ ಭಾರತಿ ಶಿಪ್‌ಯಾರ್ಡ್ ಕೈಯಲ್ಲಿ. ಮಂಗಳೂರಿನ ತಣ್ಣೀರುಬಾವಿಯಲ್ಲೂ ಭಾರತಿಯ ಯಾರ್ಡ್ ಇತ್ತು.

ಭಾರತಿ ಶಿಪ್‌ಯಾರ್ಡ್ 2004ರ ಡಿಸೆಂಬರ್‌ನಲ್ಲಿ 66 ರೂಪಾಯಿಗೆ ಒಂದರಂತೆ ಜನರಿಗೆ ಷೇರು ಮಾರಿತು. ಜಗತ್ತಿನಾದ್ಯಂತ ಹಡಗಿಗೆ ಬೇಡಿಕೆ ಇದ್ದ ಕಾಲ. ಆರ್ಡರ್‌ಗಳ ಸುದ್ದಿ ಒಂದರ ಮೇಲೊಂದು ಬಂತು. ಷೇರು ಏರಿತು. 2008ರ ಜಾಗತಿಕ ಆರ್ಥಿಕ ಕುಸಿತದಲ್ಲಿ ಹಡಗು ಕೊಳ್ಳುವವರು ಹಿಂದೆ ಸರಿದರು. ಅಂಥ ಹೊತ್ತಿನಲ್ಲೇ, 2009ರಲ್ಲಿ, ಗ್ರೇಟ್ ಆಫ್‌ಶೋರ್ ಎಂಬ ಕಂಪನಿಯನ್ನು ವಶಮಾಡಿಕೊಳ್ಳಲು ಭಾರತಿ ಮತ್ತು ಎಬಿಜಿ ಶಿಪ್‌ಯಾರ್ಡ್ ಪೈಪೋಟಿಗೆ ಇಳಿದು ಬೆಲೆ ಏರಿಸುತ್ತಾ ಹೋದವು. ಗೆದ್ದದ್ದು ಭಾರತಿ. ಗೆಲುವಿನ ಜತೆಗೆ ಸಾಲದ ಹೊರೆಯೂ ಬಂತು.

ಮುಂದಿನ ಕಥೆ ಚಿಕ್ಕದು. ಸಾಲ ತೀರಿಸಲಾಗಲಿಲ್ಲ. ಬ್ಯಾಂಕುಗಳು ತಮ್ಮ ಸಾಲವನ್ನು ವಸೂಲಿ ಮಾಡುವ ಕಂಪನಿಗೆ ಮಾರಿದವು. 2017ರಲ್ಲಿ ದಿವಾಳಿ ಪ್ರಕ್ರಿಯೆ ಶುರುವಾಯಿತು. 2019ರ ಜನವರಿಯಲ್ಲಿ ಕಂಪನಿಯನ್ನು ಮುಚ್ಚಿ ಆಸ್ತಿ ಮಾರಲು ನ್ಯಾಯಮಂಡಳಿ ಆದೇಶ ಕೊಟ್ಟಿತು. ಅದೇ ವರ್ಷ ಪೈಪೋಟಿಯಲ್ಲಿ ಸೋತಿದ್ದ ಎಬಿಜಿಗೂ ಅದೇ ಗತಿಯಾಯಿತು.

ತೆಬ್ಮಾ ಕೂಡ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅದನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡುಕೊಂಡು ಕೆಲಸ ಮತ್ತೆ ಶುರುಮಾಡಿತು. ಯಾರ್ಡ್ ಬದುಕಿತು. ಆದರೆ ಭಾರತಿಯ ಷೇರು ಹಿಡಿದು ಕೂತಿದ್ದವರಿಗೆ ಆ ಬದುಕಿನಲ್ಲಿ ಪಾಲಿಲ್ಲ.

ಏಕೆ ಹೀಗೆ? ಕಂಪನಿ ಮುಚ್ಚಿದಾಗ ಆಸ್ತಿ ಮಾರಿ ಬಂದ ಹಣವನ್ನು ಯಾರಿಗೆ ಮೊದಲು ಕೊಡಬೇಕು ಎಂಬ ಸಾಲನ್ನು 2016ರ ದಿವಾಳಿ ಸಂಹಿತೆಯ 53ನೇ ಸೆಕ್ಷನ್ ಹೇಳುತ್ತದೆ. ಮೊದಲು ಪ್ರಕ್ರಿಯೆಯ ಖರ್ಚು. ನಂತರ ಕಾರ್ಮಿಕರ ಬಾಕಿ ಮತ್ತು ಆಸ್ತಿ ಅಡವಿಟ್ಟುಕೊಂಡು ಸಾಲ ಕೊಟ್ಟವರು. ಆಮೇಲೆ ಉಳಿದ ನೌಕರರು, ಉಳಿದ ಸಾಲಗಾರರು, ಸರ್ಕಾರದ ಬಾಕಿ. ಎಲ್ಲರದ್ದೂ ಆದ ಮೇಲೆ ಏನಾದರೂ ಮಿಕ್ಕಿದರೆ ಸಾಮಾನ್ಯ ಷೇರುದಾರರಿಗೆ. ಸಾಲವೇ ಆಸ್ತಿಯನ್ನು ಮೀರಿದ ಕಡೆ ಏನೂ ಮಿಕ್ಕುವುದಿಲ್ಲ.

ಆದ್ದರಿಂದಲೇ ‘ಕಂಪನಿಗೆ ಎಷ್ಟು ಆರ್ಡರ್ ಇದೆ’ ಎಂದು ಕೇಳಿದ ಕೂಡಲೇ ‘ಎಷ್ಟು ಸಾಲ ಇದೆ’ ಎಂದೂ ಕೇಳಬೇಕು. ಭಾರತಿಯ ಬಳಿ ಆರ್ಡರ್‌ಗೆ ಬರವಿರಲಿಲ್ಲ.

‘ಸರ್ಕಾರಿ ಕಂಪನಿ, ಹಾಗಾಗಿ ಸೇಫ್’ ಎನ್ನುವುದು ಸರಿಯೇ?

ಅರ್ಧ ಸರಿ. ಕೊಚ್ಚಿನ್ ಶಿಪ್‌ಯಾರ್ಡ್ ಕೇಂದ್ರ ಸರ್ಕಾರದ ಒಡೆತನದ್ದು, ಐಎನ್‌ಎಸ್ ವಿಕ್ರಾಂತ್ ಕಟ್ಟಿದ ಸಂಸ್ಥೆ. ಭಾರತಿಗೂ ಇದಕ್ಕೂ ಹೋಲಿಕೆ ಇಲ್ಲ. 2017ರ ಆಗಸ್ಟ್‌ನಲ್ಲಿ 432 ರೂಪಾಯಿಗೆ ಷೇರು ಪಡೆದು ತಾಳ್ಮೆಯಿಂದ ಇಟ್ಟುಕೊಂಡವರಿಗೆ ಒಳ್ಳೆಯ ಲಾಭವಾಗಿದೆ. 2024ರ ಜನವರಿಯಲ್ಲಿ ಅವರ ಪ್ರತಿ ಷೇರು ಎರಡಾಗಿ ಒಡೆಯಿತು.

ಈಗ ಇನ್ನೊಬ್ಬರನ್ನು ನೋಡೋಣ. 2024ರ ಜುಲೈ ಆರಂಭದಲ್ಲಿ, ಎಲ್ಲೆಡೆ ಇದೇ ಷೇರಿನ ಮಾತು ಕೇಳಿ ಕೊಂಡವರು. ಆಗ ಬೆಲೆ 2,979 ರೂಪಾಯಿವರೆಗೆ ಹೋಗಿತ್ತು. ಹಿಂದಿನ ವರ್ಷದ ಲಾಭ ಸುಮಾರು 783 ಕೋಟಿ, ಅಂದರೆ ಷೇರಿಗೆ 30 ರೂಪಾಯಿ ಹತ್ತಿರ. ಅಲ್ಲಿಗೆ ಜನ ಕೊಡುತ್ತಿದ್ದದ್ದು ಒಂದು ವರ್ಷದ ಲಾಭದ 100 ಪಟ್ಟು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸರ್ಕಾರ ತನ್ನ ಪಾಲಿನಲ್ಲಿ ಸ್ವಲ್ಪವನ್ನು ಮಾರಲು ಹೊರಟಾಗ ಇಟ್ಟ ಕನಿಷ್ಠ ಬೆಲೆ 1,540 ರೂಪಾಯಿ. ನವೆಂಬರ್ ಹೊತ್ತಿಗೆ ಬೆಲೆ ಜುಲೈನ ಶಿಖರದ ಅರ್ಧಕ್ಕಿಂತ ಕೆಳಗಿತ್ತು.

ಕಂಪನಿ ನಷ್ಟಕ್ಕೆ ಬಿದ್ದಿತ್ತೇ? ಇಲ್ಲ. 2024-25ರಲ್ಲಿ ಲಾಭ ಇನ್ನೂ ಹೆಚ್ಚಿ ಸುಮಾರು 827 ಕೋಟಿಯಾಯಿತು. ಹಡಗು ಕಟ್ಟುವುದೂ ನಿಲ್ಲಲಿಲ್ಲ. ಕೊಂಡ ಬೆಲೆ ಹೆಚ್ಚಾಗಿತ್ತು, ಅಷ್ಟೇ. ಮಲ್ಪೆ ಬಂದರಿನಲ್ಲಿ ಅಂಜಲ್ ಎಷ್ಟು ತಾಜಾ ಇದ್ದರೂ ಯಾರೂ ಹೇಳಿದ ಬೆಲೆಗೆ ಕಣ್ಣುಮುಚ್ಚಿ ಕೊಳ್ಳುವುದಿಲ್ಲ. ಮೀನಿಗೆ ಮಾಡುವ ಚೌಕಾಸಿಯನ್ನು ಷೇರಿಗೆ ಮಾಡಲು ಮರೆಯುತ್ತೇವೆ.

‘ನಮ್ಮದು’ ಎನ್ನುವ ಭಾವನೆ ಎಲ್ಲಿ ದಾರಿ ತಪ್ಪಿಸುತ್ತದೆ?

ಹತ್ತಿರದ ಕಂಪನಿಯನ್ನು ಹೆಚ್ಚು ನಂಬುವುದು ನಮ್ಮೊಬ್ಬರ ಸ್ವಭಾವವಲ್ಲ. ಅಮೆರಿಕದ ಟೆಲಿಫೋನ್ ಕಂಪನಿಗಳ ಷೇರುದಾರರನ್ನು ಅಧ್ಯಯನ ಮಾಡಿದ ಕೊಲಂಬಿಯಾ ವಿಶ್ವವಿದ್ಯಾಲಯದ ಗುರ್ ಹ್ಯೂಬರ್‌ಮನ್ 2001ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನೇ ತೋರಿಸಿದರು. ಜನ ತಮ್ಮ ಊರಿಗೆ ಫೋನ್ ಸೇವೆ ಕೊಡುವ ಕಂಪನಿಯ ಷೇರನ್ನೇ ಹೆಚ್ಚಾಗಿ ಕೊಂಡಿದ್ದರು. ಪರಿಚಯವನ್ನೇ ಅವರು ತಿಳಿವಳಿಕೆ ಎಂದು ಭಾವಿಸಿದ್ದರು.

ಅವಿಭಜಿತ ದಕ್ಷಿಣ ಕನ್ನಡದವರಿಗೆ ಇದು ಚೆನ್ನಾಗಿ ಗೊತ್ತು. ಬ್ಯಾಂಕುಗಳ ತವರು ನಮ್ಮದು. ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್, ಮಂಗಳೂರಿನ ವಿಜಯಾ ಬ್ಯಾಂಕ್ ಷೇರುಗಳನ್ನು ‘ನಮ್ಮ ಬ್ಯಾಂಕ್’ ಎಂದು ಪ್ರೀತಿಯಿಂದ ಇಟ್ಟುಕೊಂಡವರು ಎಷ್ಟೋ ಮಂದಿ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಲೀನವಾದಾಗ 1,000 ಷೇರಿಗೆ ಸಿಕ್ಕಿದ್ದು ಕೆನರಾದ 158 ಷೇರು. ಅದೇ ದಿನ ಕಾರ್ಪೊರೇಷನ್ ಬ್ಯಾಂಕಿನ 1,000 ಷೇರಿಗೆ ಯೂನಿಯನ್ ಬ್ಯಾಂಕಿನ 330 ಷೇರು. ಈ ಅನುಪಾತ ನಿಂತದ್ದು ಆಗ ಆ ಬ್ಯಾಂಕುಗಳ ಲೆಕ್ಕಪತ್ರ ಹೇಗಿತ್ತು ಎಂಬುದರ ಮೇಲೆ. ಊರಿನ ಅಭಿಮಾನಕ್ಕೆ ಅದರಲ್ಲಿ ಜಾಗವಿರಲಿಲ್ಲ.

ಹತ್ತಿರ ಇರುವುದರಿಂದ ಉಪಯೋಗವೇ ಇಲ್ಲವೇ? ಇದೆ. ಯಾರ್ಡಿನಲ್ಲಿ ಕೆಲಸ ನಡೆಯುತ್ತಿದೆಯೇ, ಸಂಬಳ ಸರಿಯಾಗಿ ಆಗುತ್ತಿದೆಯೇ, ಕಟ್ಟಿದ ಹಡಗು ಹೊರಡುತ್ತಿದೆಯೇ ಎಂಬುದು ಮುಂಬೈನ ಪರಿಣತರಿಗಿಂತ ಮೊದಲು ಊರವರಿಗೆ ಗೊತ್ತಾಗಬಹುದು. ಅದು ಪರಿಶೀಲನೆಯ ಆರಂಭ. ಮುಂದಿನ ಕೆಲಸ ಕಾಗದಪತ್ರದಲ್ಲಿದೆ.

ಫೋನಿನಲ್ಲೇ ಏನೇನು ನೋಡಬಹುದು?

ಷೇರುಪೇಟೆಯಲ್ಲಿರುವ ಪ್ರತಿ ಕಂಪನಿಯೂ ತನ್ನ ಲೆಕ್ಕಪತ್ರವನ್ನು ಎನ್‌ಎಸ್‌ಇ, ಬಿಎಸ್‌ಇ ಜಾಲತಾಣಗಳಲ್ಲಿ ಹಾಕಲೇಬೇಕು. ನೋಡಲು ಹಣ ಕೊಡಬೇಕಿಲ್ಲ.

1. ಕಂಪನಿಯ ಪ್ರಕಟಣೆ: ದೊಡ್ಡ ಆರ್ಡರ್, ವಿಲೀನ, ಮುಖ್ಯಸ್ಥರ ರಾಜೀನಾಮೆಯಂಥ ಮುಖ್ಯ ವಿಷಯಗಳನ್ನು ಕಂಪನಿ ಷೇರುಪೇಟೆಗೆ ತಿಳಿಸಬೇಕು. ಫಾರ್ವರ್ಡ್‌ನಲ್ಲಿ ಬಂದ ಸುದ್ದಿ ಅಲ್ಲಿದೆಯೇ ನೋಡಿ.

2. ವಾರ್ಷಿಕ ವರದಿ: ಮೂರು ವಿಷಯಕ್ಕಾಗಿ ತೆರೆಯಿರಿ. ಲಾಭ ಎಷ್ಟು, ಸಾಲ ಎಷ್ಟು, ವ್ಯವಹಾರದಿಂದ ನಿಜವಾಗಿ ಕೈಗೆ ಬಂದ ನಗದು ಎಷ್ಟು. ವರ್ಷವರ್ಷವೂ ಲಾಭ ತೋರಿಸುತ್ತಾ ನಗದು ಬಾರದೇ ಇದ್ದರೆ ಎಚ್ಚರ. ಒಂದೇ ವರ್ಷ ನೋಡಬೇಡಿ, ಐದು ವರ್ಷದ್ದು ಪಕ್ಕಪಕ್ಕ ಇಡಿ. ಅಂಕಿಗಳು ಲಕ್ಷದಲ್ಲಿವೆಯೋ ಕೋಟಿಯಲ್ಲಿವೆಯೋ ಎಂದು ಪಟ್ಟಿಯ ಮೇಲ್ಭಾಗದಲ್ಲಿ ಬರೆದಿರುತ್ತಾರೆ, ಅದನ್ನು ಮೊದಲು ಓದಿ.

3. ಆಡಿಟರ್ ಏನು ಹೇಳಿದ್ದಾರೆ: ಲೆಕ್ಕದಲ್ಲಿ ಸಂಶಯವಿದ್ದರೆ ಅವರ ವರದಿಯಲ್ಲಿ ಆಕ್ಷೇಪ ಇರುತ್ತದೆ. ಆಡಿಟರ್ ಅವಧಿಗೆ ಮೊದಲೇ ರಾಜೀನಾಮೆ ಕೊಟ್ಟಿದ್ದರೆ ಕಾರಣ ಹುಡುಕಿ.

4. ಷೇರು ಯಾರ ಕೈಯಲ್ಲಿದೆ: ಮೂರು ತಿಂಗಳಿಗೊಮ್ಮೆ ಈ ಪಟ್ಟಿ ಬರುತ್ತದೆ. ಕಂಪನಿ ನಡೆಸುವವರೇ ತಮ್ಮ ಷೇರನ್ನು ಮಾರುತ್ತಿದ್ದಾರೆಯೇ, ಸಾಲಕ್ಕೆ ಅಡವಿಟ್ಟಿದ್ದಾರೆಯೇ ಎಂಬುದು ಇಲ್ಲಿ ಗೊತ್ತಾಗುತ್ತದೆ.

5. ಅಂಗಸಂಸ್ಥೆಗಳ ಲೆಕ್ಕ: ಉಡುಪಿ ಯಾರ್ಡಿನ ಸ್ಥಿತಿಯೇ ತಿಳಿಯಬೇಕಿದ್ದರೆ ಅದಕ್ಕೂ ದಾರಿ ಇದೆ. ತಾಯಿ ಕಂಪನಿಯ ವಾರ್ಷಿಕ ವರದಿಯಲ್ಲಿ ಪ್ರತಿ ಅಂಗಸಂಸ್ಥೆಯ ವಹಿವಾಟು, ಲಾಭನಷ್ಟದ ಪಟ್ಟಿ ಇರಬೇಕು.

6. ಸಾಲದ ರೇಟಿಂಗ್: ಕ್ರಿಸಿಲ್, ಇಕ್ರಾ, ಕೇರ್‌ನಂಥ ಸಂಸ್ಥೆಗಳು ಕಂಪನಿಗಳ ಸಾಲ ತೀರಿಸುವ ಶಕ್ತಿಗೆ ದರ್ಜೆ ಕೊಡುತ್ತವೆ. ಕಾರಣಗಳನ್ನು ಎರಡು-ಮೂರು ಪುಟಗಳಲ್ಲಿ ಬರೆದು ಜಾಲತಾಣದಲ್ಲಿ ಹಾಕುತ್ತವೆ. ದರ್ಜೆ ಇಳಿಯುತ್ತಾ ಹೋಗಿದ್ದರೆ ಅದು ಗಂಭೀರ ಸೂಚನೆ.

ಇವು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ ಎನ್ನುವುದು ನಿಜ. ಬಿ.ಕಾಂ. ಓದಿದ ಮಕ್ಕಳು, ಬ್ಯಾಂಕಿನಿಂದ ನಿವೃತ್ತರಾದ ಬಂಧುಗಳು ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಅವರೊಂದಿಗೆ ಒಂದು ಸಂಜೆ ಕೂತರೆ ಸಾಕು. ಅಷ್ಟಾಗಿಯೂ ಅರ್ಥವಾಗದಿದ್ದರೆ ಆ ಷೇರನ್ನು ಬಿಡುವುದೇ ಒಳ್ಳೆಯದು.

ಸಂದೇಶ ಕಳಿಸಿದವರಿಗೆ ಏನು ಲಾಭ?

2022ರಲ್ಲಿ ಸಾಧನಾ ಬ್ರಾಡ್‌ಕಾಸ್ಟ್ ಎಂಬ ಸಣ್ಣ ಕಂಪನಿಯನ್ನು ಅದಾನಿ ಗುಂಪು ಕೊಳ್ಳಲಿದೆ ಎಂಬ ಸುಳ್ಳು ಸುದ್ದಿಯ ವೀಡಿಯೊಗಳು ಯೂಟ್ಯೂಬ್‌ನಲ್ಲಿ ಬಂದವು. ಜನ ಮುಗಿಬಿದ್ದು ಕೊಂಡರು. ಬೆಲೆ ಏರಿದಾಗ, ಮೊದಲೇ ಷೇರು ಇಟ್ಟುಕೊಂಡಿದ್ದವರು ಮಾರಿದರು ಎಂದು ಸೆಬಿ 2023ರ ಮಾರ್ಚ್‌ನ ಆದೇಶದಲ್ಲಿ ಹೇಳಿತು. ಇಂಥ ಆಟದಲ್ಲಿ ಸುದ್ದಿ ಕಳಿಸುವವನಿಗೆ ಬೇಕಿರುವುದು ತನ್ನ ಷೇರು ಕೊಳ್ಳುವ ಜನ. ಆ ಸುದ್ದಿಯನ್ನು ನಂಬಿ ಹತ್ತು ಜನರಿಗೆ ಕಳಿಸಿದವರು, ಗೊತ್ತಿಲ್ಲದೆ ಅವನಿಗೆ ಗಿರಾಕಿ ಹುಡುಕಿಕೊಟ್ಟಂತೆ.

ಹಣ ಪಡೆದು ಷೇರಿನ ಸಲಹೆ ಕೊಡುವವರು ಸೆಬಿಯಲ್ಲಿ ನೋಂದಣಿ ಮಾಡಿಸಿರಬೇಕು. ನೋಂದಣಿ ಸಂಖ್ಯೆ ಕೇಳಿ, ಸೆಬಿ ಜಾಲತಾಣದಲ್ಲಿ ತಾಳೆ ನೋಡಿ. ‘ಇಷ್ಟು ಲಾಭ ಗ್ಯಾರಂಟಿ’ ಎಂದು ಯಾರೇ ಹೇಳಿದರೂ ಅಲ್ಲಿಗೆ ಮಾತು ನಿಲ್ಲಿಸಿ, ಏಕೆಂದರೆ ನೋಂದಾಯಿತ ಸಲಹೆಗಾರರು ಹಾಗೆ ಹೇಳುವಂತಿಲ್ಲ. ನಕಲಿ ಆ್ಯಪ್‌ಗೆ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಫಾರ್ವರ್ಡ್ ಮಾಡುವ ಮುನ್ನ ಐದು ಪ್ರಶ್ನೆ

- ಸುದ್ದಿಯಲ್ಲಿರುವ ಕಂಪನಿಯ ಷೇರೇ ಪೇಟೆಯಲ್ಲಿದೆಯೇ, ಅಥವಾ ಅದರ ತಾಯಿ ಕಂಪನಿಯದ್ದೇ?
- ಈ ಸುದ್ದಿ ಎನ್‌ಎಸ್‌ಇ ಅಥವಾ ಬಿಎಸ್‌ಇ ಜಾಲತಾಣದಲ್ಲಿ ಇದೆಯೇ?
- ದೊಡ್ಡ ಮೊತ್ತವನ್ನು ವರ್ಷಕ್ಕೆ, ನಂತರ ಒಂದು ಷೇರಿಗೆ ಹಂಚಿದರೆ ಎಷ್ಟು ಉಳಿಯುತ್ತದೆ?
- ಕಂಪನಿಗೆ ಸಾಲ ಎಷ್ಟು?
- ಇಂದಿನ ಬೆಲೆ ಒಂದು ವರ್ಷದ ಲಾಭದ ಎಷ್ಟು ಪಟ್ಟು?

ಐದಕ್ಕೂ ಉತ್ತರ ಸಿಗುವ ಮೊದಲು ನಿಮ್ಮ ಹಣ ಹಾಕಬೇಡಿ. ಗುಂಪಿನಲ್ಲಿರುವ ಬೇರೆಯವರ ಹಣಕ್ಕೂ ಇದೇ ಮಾತು. ಹಂಗಾರಕಟ್ಟೆಯ ಹಡಗು ನೀರಿಗಿಳಿದ ಫೋಟೊ ಬಂದರೆ ಖಂಡಿತ ಹಂಚಿಕೊಳ್ಳಿ, ಅದು ಸಂತೋಷದ ಸುದ್ದಿ. ಅದರ ಕೆಳಗಿರುವ ‘ಷೇರು ಈಗಲೇ ತಗೊಳ್ಳಿ’ ಎಂಬ ಸಾಲನ್ನು ಮಾತ್ರ ಅಳಿಸಿ ಕಳಿಸಿ.